ಒಂದೇ ಮೆಂಬರ್‌ಶಿಪ್, ಗದ್ದೆ ತುಂಬ ಹೂಂ

ಸಾಣಾಪುರ
ಸೋಮವಾರ, 11 ಆಗಸ್ಟ್ 2025

ಪ್ರೀತಿಯ ನಸೀಮಾ,

ಹರಿಗೋಲಿನ ಮದುಮಗಳ ಕಥೆಯನ್ನು ಮೊದಲು ಹೇಳಿದವಳು ನಮ್ಮಜ್ಜಿ ಹಂಪವ್ವ. ನಾವಿಬ್ಬರೂ ಐದನೇ ಈಯತ್ತೆಯಲ್ಲಿದ್ದ ವರ್ಷ, ಬಿತ್ತಿಗೆಗೆಂದು ಶೇಂಗಾ ಸುಲಿಯುತ್ತ ನಮ್ಮ ಪಡಸಾಲೆಯಲ್ಲಿ ಹೇಳಿದ್ದಳು. ನಿಮ್ಮವ್ವ ಬಾನುಬೀ ಮೊರದಲ್ಲಿ ಸಿಪ್ಪೆ ಕೇರುತ್ತ ಕೂತಿದ್ದಳು. ನೀನು ಅಜ್ಜಿಯ ಮೊಳಕಾಲಿಗೆ ಆತುಕೊಂಡು ಸಾಲು ಸಾಲಿಗೂ ಹೂಂ ಅನ್ನುತ್ತಿದ್ದೆ. ಹೂಂ ಅನ್ನುವವರಿಲ್ಲದಿದ್ದರೆ ಅಜ್ಜಿ ಮುಂದಿನ ಸಾಲನ್ನು ಹೇಳುತ್ತಿರಲಿಲ್ಲ, ನೆನಪಿದೆಯಲ್ಲ? "ಹೂಂ ಅನ್ನಾವರು ಮಕ್ಕೊಂಡ್ರ ಕಥೀನೂ ಮಕ್ಕೊಂತೈತಿ" ಎಂದು ಗೋಡೆಗೆ ಒರಗಿಬಿಡುತ್ತಿದ್ದಳು. ನಾನು ಸ್ವಂತ ಮೊಮ್ಮಗಳಾಗಿದ್ದರೂ ಶೇಂಗಾ ತಿನ್ನುತ್ತ ತಿನ್ನುತ್ತ ನಿದ್ದೆ ಹೋಗುತ್ತಿದ್ದೆ. ಆ ಪಡಸಾಲೆಯಲ್ಲಿ ಹೇಳಿದ ಕಥೆಗಳ ಕೊನೆ ಒಂದೂ ನನಗೆ ಗೊತ್ತಿಲ್ಲ. ಅವೆಲ್ಲ ನಿನ್ನ ಹತ್ತಿರ ಇವೆ.

ನಿನ್ನೆಯಿಂದ ನಿನ್ನ ಫೋನು ಬಂದ್ ಆಗಿದೆ. ಅದಕ್ಕೇ ಕಾಗದ. ನನ್ನ ಅಕ್ಷರ ನೋಡಿ ನಗಬೇಡ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಬರೆದದ್ದೆಂದರೆ ನಾಟಿಯ ಹೆಂಗಸರ ಹಾಜರಿ ಮಾತ್ರ.

ನಿನ್ನೆ ದುರುಗಪ್ಪಣ್ಣನ ಗದ್ದೆಯಲ್ಲಿ ನಾಟಿ ಇತ್ತು. ನಾವು ಗದ್ದೆಗೆ ಇಳಿಯುವ ಕ್ರಮ ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಮೊದಲು ಬದುವಿನ ಮೇಲೆ ಸಸಿಯ ಕಟ್ಟು ಇಡುತ್ತೇವೆ, ಅದರ ಮೇಲೆ ಸ್ಪೀಕರ್ ಡಬ್ಬಿ ಇಡುತ್ತೇವೆ, ನಿನ್ನ ಕಥೆ ಹಚ್ಚುತ್ತೇವೆ, ಆಮೇಲೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುತ್ತೇವೆ. ಹೌದು ನಸೀಮಾ, ನಿನ್ನ ಕಥೆ. ಹೋದ ವರ್ಷ ಶ್ರಾವಣದಲ್ಲಿ ನೀನು ಪಾಡ್‌ಕಾಸ್ಟ್ ಶುರು ಮಾಡಿದಾಗಿನಿಂದ ನನ್ನ ಗುಂಪಿನ ಅಷ್ಟೂ ಹೆಂಗಸರು ನಿನ್ನನ್ನು ಕೇಳುತ್ತಿದ್ದಾರೆ. ನಾಟಿಯಲ್ಲಿ ಕೇಳುತ್ತಾರೆ, ಕಳೆ ತೆಗೆಯುವಾಗ ಕೇಳುತ್ತಾರೆ, ಊಟದ ಬುತ್ತಿ ಬಿಚ್ಚಿದಾಗ ಕೇಳುತ್ತಾರೆ. ನೀನು ಅಜ್ಜಿಯ ಹಾಗೆ ಸಾಲು ಮುಗಿಸಿ ಒಂದಿಷ್ಟು ಬಿಡುತ್ತೀಯಲ್ಲ, ಆ ಬಿಟ್ಟ ಜಾಗದಲ್ಲಿ ಎಲ್ಲರೂ ಬಗ್ಗಿದವರು ಬಗ್ಗಿದಂತೆಯೇ "ಹೂಂ" ಅನ್ನುತ್ತಾರೆ. ಪಕ್ಕದ ಗದ್ದೆಯ ಟ್ರ್ಯಾಕ್ಟರಿನವನು ಮೊದಲ ದಿನ ಯಾರಿಗೋ ಮೈಮೇಲೆ ದೇವರು ಬಂದಿದೆಯೆಂದು ಇಂಜಿನ್ ಬಂದ್ ಮಾಡಿ ನಿಂತಿದ್ದ.

ನಮ್ಮ ಗುಂಪಿನಲ್ಲಿ ಯಾವುದೂ ಒಬ್ಬೊಬ್ಬರದಲ್ಲ. ಕುಡಿಯುವ ನೀರಿನ ಕೊಡ ಒಂದು, ಎಲೆ ಅಡಿಕೆಯ ಚೀಲ ಒಂದು, ಗುತ್ತಿಗೆ ಒಂದು. ಹಾಗಾಗಿ ನಾವು ಎಲ್ಲರೂ ಸೇರಿ ತೆಗೆದುಕೊಂಡ ಮೆಂಬರ್‌ಶಿಪ್ ಕೂಡ ಒಂದೇ. ಕಥೆಯ ಮೊದಲರ್ಧ ಪುಕ್ಕಟೆ, ಉಳಿದರ್ಧ ಮೆಂಬರ್ ಆದವರಿಗೆ ಎಂದು ನೀನು ಹೇಳಿದಾಗ ನಾನೇ ಅವರಿಗೆ ಲೆಕ್ಕ ಬಿಡಿಸಿ ಹೇಳಿದೆ: ಗದ್ದೆ ಒಂದು, ಫೋನು ಒಂದು, ಕಥೆ ಒಂದು, ಮತ್ತೆ ಎಲ್ಲರೂ ಬೇರೆ ಬೇರೆ ಯಾಕೆ ರೊಕ್ಕ ಕಟ್ಟಬೇಕು? ಪ್ರತಿ ಕಥೆಯ ಕೊನೆಗೆ ನೀನು ಮೆಂಬರುಗಳ ಹೆಸರು ಓದುತ್ತೀಯ. "ಸಾಣಾಪುರದ ಲಲಿತಾ" ಎಂದು ನನ್ನ ಹೆಸರು ಬಂದಾಗ ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳಾದ ಪಂಪಮ್ಮ ಒಂದು ಸಲ ಕೇಳಿಯೇ ಬಿಟ್ಟಳು: "ಯಕ್ಕಾ, ನಂದೊಂದು ಹೆಸರ ಓದಾಕ ಏನ ಕೊಡಬೇಕು?" ನಾನು ಮೇಸ್ತ್ರಿ, ನನ್ನ ಹೆಸರು ಅಂದರೆ ಎಲ್ಲರ ಹೆಸರು ಎಂದು ಬಾಯಿ ಮುಚ್ಚಿಸಿದೆ. ಜಾಣೆ ಎಂದು ಎಲ್ಲರೂ ಹೊಗಳಿದರು.

ಇಲ್ಲಿಯವರೆಗಿನದು ಜಿಪುಣತನ, ಅಷ್ಟೇ. ಜಿಪುಣತನಕ್ಕೆ ನಾನು ಇಷ್ಟು ನಾಚುವವಳಲ್ಲ.

ಯುಗಾದಿಯ ಮರುದಿನ ನೀನು ಫೋನು ಮಾಡಿದ್ದೆ. ಪಟ್ಟಣದ ಸೀರೆ ಅಂಗಡಿಯ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಿದ್ದೀಯ, ಮಾಲೀಕ ಪಗಾರವನ್ನೂ ಅರ್ಧ ಮಾಡಿದ್ದಾನೆ, ಬೆಳಿಗ್ಗೆ ಹೊರಗಿನ ಸದ್ದು ಬರದಂತೆ ರಜಾಯಿ ಹೊದ್ದುಕೊಂಡು ಅದರೊಳಗೆ ಕೂತು ಕಥೆ ರೆಕಾರ್ಡ್ ಮಾಡುತ್ತೀಯ ಎಂದೆಲ್ಲ ನಗುನಗುತ್ತ ಹೇಳಿದೆ. ಆಮೇಲೆ ಕೇಳಿದೆ: "ಲಲ್ಲೀ, ಖರೇ ಹೇಳು. ಊರಾಗ ಯಾರರ ಕೇಳ್ತಾರೇನ ನನ್ನ ಕಥಿ?"

ಆಗ ನನ್ನ ಹಿಂದೆಯೇ ಡಬ್ಬಿ ಹಾಡುತ್ತಿತ್ತು. ನಿನ್ನದೇ ದನಿ. ನಮ್ಮ ಗುಂಪಿನ ಶೇಖರಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಆ ಕಥೆಯಲ್ಲಿ ಎಮ್ಮೆ ಸತ್ತಿತ್ತು. ನಾನು ಫೋನು ಹಿಡಿದುಕೊಂಡು ಬದು ದಾಟಿ, ಕಾಲುವೆ ದಾಟಿ, ನಿನಗೆ ನಿನ್ನ ದನಿ ಕೇಳಿಸದಷ್ಟು ದೂರ ಹೋಗಿ ನಿಂತೆ. ಹೇಳಿದೆ: "ಎಲ್ಲಿ ಕೇಳ್ತಾರವ್ವಾ. ಎಲ್ಲಾರಿಗೂ ಟೀವಿ ಆತು, ರೀಲ್ಸ್ ಆತು. ನಾ ಒಬ್ಬಾಕೀನ ಕೇಳ್ತೀನಿ."

ಯಾಕೆ ಹೇಳಿದೆ? ಕೇಳುತ್ತಾರೆ ಅಂದರೆ ಮತ್ತೆ ಮೆಂಬರ್ ಆಗಲಿ ಅನ್ನುತ್ತೀ ಎಂದು. ಇದೊಂದೇ ಕಾರಣ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಂದಿದೆ. ಅವು ನಮ್ಮಜ್ಜಿಯ ಕಥೆಗಳು, ನಮ್ಮಜ್ಜಿಯ ಕಥೆಗೆ ನಾವು ಯಾಕೆ ರೊಕ್ಕ ಕೊಡಬೇಕು ಎಂಬ ಹೊಟ್ಟೆಕಿಚ್ಚು. ನಿದ್ದೆ ಮಾಡಿದವಳು ನಾನು, ಎಚ್ಚರ ಇದ್ದವಳು ನೀನು. ಅಜ್ಜಿಯ ದನಿ ನಿನ್ನ ಬಾಯಲ್ಲಿ ಬರುವುದನ್ನು ಕೇಳಿದಾಗಲೆಲ್ಲ ನನಗೆ ಸಂತೋಷವೂ ಆಗುತ್ತಿತ್ತು, ಯಾರೋ ನಮ್ಮ ಮನೆಯ ಕೊಡ ಹೊತ್ತುಕೊಂಡು ಹೋದಂತೆಯೂ ಆಗುತ್ತಿತ್ತು.

ನೀನು "ಹೋಗ್ಲಿ ಬಿಡು, ನೀ ಒಬ್ಬಾಕಿ ಅದೀಯಲ್ಲ" ಅಂದೆ. ಆ ಮಾತನ್ನು ನಾನು ಆವತ್ತು ಸಲೀಸಾಗಿ ನುಂಗಿದೆ.

ಈಗ ನಿನ್ನೆಯದು. ಹರಿಗೋಲಿನ ಮದುಮಗಳ ಕಥೆ ಬರುತ್ತದೆಂದು ನೀನು ಮೊದಲೇ ಹೇಳಿದ್ದೆ, ಎಲ್ಲರೂ ಕಾದಿದ್ದರು. ದಿಬ್ಬಣ ಹಿಂದುಳಿಯಿತು, ಅಂಬಿಗ ಹರಿಗೋಲಿನಲ್ಲೇ ಎದೆ ಹಿಡಿದುಕೊಂಡು ಬಿದ್ದ, ಬಾಸಿಂಗ ಕಟ್ಟಿದ ಹುಡುಗಿ ತಾನೇ ಹುಟ್ಟು ಹಿಡಿದಳು. ಹೂಂ. ಹರಿಗೋಲು ಗರಗರ ತಿರುಗಿತು, ಹೊಳೆಯ ತುಂಬ ಮಂಜು. ಹೂಂ. ಈಗ ತವರಿನ ದಂಡೆ ಯಾವುದು, ಗಂಡನ ಮನೆಯ ದಂಡೆ ಯಾವುದು ಆಕೆಗೆ ತಿಳಿಯದು. ಹೂಂ. ನಡುಹೊಳೆಯಲ್ಲಿ ಎದ್ದು ನಿಂತು ಕೂಗಿದಳು: "ಯಾರರ ಅದೀರೇನ್ರೀ? ಯಾವ ದಂಡಿಯಿಂದ ಓ ಅಂತೀರೋ ಆ ದಂಡೀಗೆ ಬರ್ತೀನಿ!" ಎಲ್ಲರೂ ಕೈಯಲ್ಲಿ ಸಸಿ ಹಿಡಿದು ನಿಂತುಬಿಟ್ಟಿದ್ದರು.

ಅಲ್ಲಿ ನಿನ್ನ ದನಿ ಬದಲಾಯಿತು. ಕಥೆಯ ದನಿ ಬಿಟ್ಟು ಅಂಗಡಿಯಿಂದ ದಣಿದು ಬಂದವಳ ದನಿ ಆಯಿತು. ನಾಗರ ಪಂಚಮಿಯೊಳಗೆ ಐವತ್ತು ಜನ ಮೆಂಬರ್ ಆದರೆ ನಡೆಸುತ್ತೇನೆ ಎಂದಿದ್ದೆ, ಆಗಲಿಲ್ಲ ಎಂದೆ. ಮೈಕನ್ನು ಒಬ್ಬ ಮದುವೆ ವಿಡಿಯೋದವರು ಕೇಳಿದ್ದಾರೆ, ಈ ವಾರ ಒಯ್ಯುತ್ತಾರೆ ಎಂದೆ. ಆಮೇಲೆ, "ನಮ್ಮೂರಾಗ ನಂದೊಬ್ಬಾಕಿ ಗೆಳತಿ ಅದಾಳ. ಆಕಿ ಸುಳ್ಳ ಹೇಳಾಕಿ ಅಲ್ಲ. ಊರಾಗ ಯಾರೂ ಕೇಳೂದಿಲ್ಲ ಅಂದ್ಳು. ಹಂಪವ್ವಾಯಿ ಕಥಿ ಹಂಪವ್ವಾಯಿ ಊರಿಗೇ ಬ್ಯಾಡಾದ ಮ್ಯಾಲೆ ನಾ ಯಾರಿಗೆ ಹೇಳ್ಲಿ? ಮದುಮಗಳು ನಡುಹೊಳಿಯಾಗ ಇರ್ಲಿ. ನಾಳಿಯಿಂದ ನಾ ದಿನಪೂರ್ತಿ ಅಂಗಡ್ಯಾಗ." ಎಂದಿನಂತೆ ಒಂದಿಷ್ಟು ಬಿಟ್ಟೆ.

ಅಭ್ಯಾಸ ನೋಡು ನಸೀಮಾ. ಎಲ್ಲರೂ ಹೂಂ ಅಂದರು.

ಅಂದಮೇಲೆ ಅವರಿಗೆ ತಾವು ಯಾವ ಮಾತಿಗೆ ಹೂಂ ಅಂದೆವೆಂದು ತಿಳಿಯಿತು. ಡಬ್ಬಿ ಸುಮ್ಮನಾಗಿತ್ತು. ಒಬ್ಬೊಬ್ಬರೇ ನೆಟ್ಟಗಾಗಿ, ಸೊಂಟಕ್ಕೆ ಕೆಸರುಗೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು. ನಿನಗೆ ಊರಲ್ಲಿ ಒಬ್ಬಳೇ ಗೆಳತಿ, ಅದು ಯಾರೆಂದು ಅಲ್ಲಿ ಯಾರೂ ಕೇಳಬೇಕಿರಲಿಲ್ಲ.

ಶೇಖರಮ್ಮ ನಮ್ಮಲ್ಲಿ ಹಿರಿಯಳು, ಬೈಯುವುದಿದ್ದರೂ ಮೆಲ್ಲಗೆ ಬೈಯುತ್ತಾಳೆ. "ಲಲಿತವ್ವಾ, ನಾವು ಯಾರೂ ಕೇಳೂದಿಲ್ಲೇನು? ಮತ್ತ ಇಷ್ಟ ದಿನ ಹೂಂ ಅಂದಾವರು ಯಾರು, ಕೊಕ್ಕರೇನು?"

ಪಂಪಮ್ಮ ಬಿಟ್ಟಾಳೆಯೇ? "ಕೊಕ್ಕರಿ ಕೇಳ್ತಾವ ಅಂದ್ರ ಅವಕ್ಕೂ ಮೆಂಬರ್‌ಶಿಪ್ ತೊಗೋಬೇಕಾದೀತು ಅಂತ ಅಂಜ್ಯಾಳ ಬಿಡವಾ ಯಕ್ಕ!"

ಯಾರೂ ನಗಲಿಲ್ಲ. ಪಂಪಮ್ಮನೂ ನಗಲಿಲ್ಲ. ನಾನು ಬಗ್ಗಿ ಸಸಿ ನೆಡಲು ಹೋದೆ, ನೆಟ್ಟದ್ದೆಲ್ಲ ತೇಲಿ ಮೇಲೆ ಬಂತು. ಶೇಖರಮ್ಮ ಮತ್ತೆ ಕೇಳಿದಳು: "ಹಂಪವ್ವನ ಮೊಮ್ಮಗಳಲ್ಲೇನ ನೀನು? ಉಳಿದದ್ದ ನೀನ ಹೇಳು. ಯಾವ ದಂಡಿಯಿಂದ ಓ ಅಂದ್ರು?" ನನಗೆ ಗೊತ್ತಿಲ್ಲ ಎಂದೆ. ಆ ಒಂದು ಮಾತು ಹೇಳುವಾಗ ಆದ ನಾಚಿಕೆ, ಸುಳ್ಳು ಬಯಲಾದಾಗಲೂ ಆಗಿರಲಿಲ್ಲ.

ಆಮೇಲೆ ಹೊತ್ತು ಮುಳುಗುವವರೆಗೂ ಕೆಲಸ ನಡೆಯಿತು. ಎಲೆ ಅಡಿಕೆಯ ಚೀಲ ನನ್ನ ಕೈಗೆ ಬರಲಿಲ್ಲ. ಯಾರೂ ಬೇಕೆಂದು ತಪ್ಪಿಸಲಿಲ್ಲ, ಬರಲಿಲ್ಲ, ಅಷ್ಟೇ.

ಸಂಜೆ ಎಲ್ಲರೂ ನಮ್ಮ ಕಟ್ಟೆಗೆ ಬಂದು ಕೂತರು. ನಾನು ಚಹಾ ಇಟ್ಟೆ, ಕುಡಿದರು. ಶೇಖರಮ್ಮ ತೀರ್ಮಾನ ಹೇಳಿದಳು: "ನಾವು ಆಕಿ ಅಂಗಡಿಗೆ ಹೋಗಿ ನಿನ್ನ ಕಥಿ ಕೇಳ್ತಿದ್ವಿ ಅಂದ್ರ ಆಕಿ ನಂಬೂದಿಲ್ಲ. ಗೆಳತಿ ಮಾನ ಉಳಸಾಕ ಬಂದಾರ ಅಂತಾಳ. ಸುಳ್ಳ ಹೇಳಿದ ಕೈಲೇನ ಖರೇ ಬರಿಸ್ಕೊಂಡ ಹೋಗೂಣು. ನಸೀಮಾ ಅದನ್ನ ನಮ್ಮೆಲ್ಲಾರ ಮುಂದ ಗಟ್ಟಿಯಾಗಿ ಓದ್ಲಿ." ನಾನೂ ಬರುತ್ತೇನೆ ಎಂದೆ. "ನೀ ಬ್ಯಾಡ. ಸಸಿ ಕಿತ್ತ ಇಟ್ಟೈತಿ, ಒಣಗಿದ್ರ ದುರುಗಪ್ಪಗ ಯಾರ ಜವಾಬ ಕೊಡ್ತಾರ?" ಎಂದಳು. ನ್ಯಾಯದ ಮಾತು.

ಇನ್ನು ಈ ಬೆಳಗಿನದು ಹೇಳಿ ಮುಗಿಸುತ್ತೇನೆ. ಕೋಳಿ ಕೂಗುವ ಹೊತ್ತಿಗೇ ನಿನ್ನ ಕೇಳುಗರೆಲ್ಲ ಹೊಳೆಗೆ ಹೋಗಿ ಬಂದು, ತಲೆ ಬಾಚಿ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಸ್ ನಿಲ್ಲುವ ಕಡೆ ನಿಂತಿದ್ದಾರೆ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕೆಸರು ಹೋಗಿಲ್ಲ, ಅದನ್ನು ನೀನು ನೋಡುತ್ತೀ. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. "ಬಸ್ಸರ ಪುಕ್ಕಟ ಐತಿ, ಇದಕ್ಕೊಂದ ಯಾರ ಮೆಂಬರ್‌ಶಿಪ್ಪೂ ಬ್ಯಾಡ" ಎಂದು ಪಂಪಮ್ಮ ನನಗೆ ಕೇಳಿಸುವಂತೆ ಅಂದಳು. ದುರುಗಪ್ಪಣ್ಣ ಬೈಕು ನಿಲ್ಲಿಸಿ, "ಏನ್ರವಾ, ನಾಟಿ ಬಿಟ್ಟು ಎಲ್ಲಿಗೆ ಹೊಂಟ್ರಿ? ಇವತ್ತಿನ ಕೂಲಿ ಬ್ಯಾಡೇನು?" ಎಂದು ಕೂಗಾಡಿದ. ಶೇಖರಮ್ಮ, "ಒಂದು ಹುಡುಗಿ ನಡುಹೊಳಿಯಾಗ ನಿಂತೈತ್ರೀ ಸಾವಕಾರ್ರ. ಓ ಅಂದು ಬರ್ತೀವಿ" ಎಂದಳು. ಆತ ನಿಜವೆಂದು ತಿಳಿದು ಹೊಳೆಯ ಕಡೆ ತಿರುಗಿ ನೋಡಿದ.

ಬಸ್ಸಿನ ಸದ್ದು ಕೇಳುತ್ತಿದೆ. ಶೇಖರಮ್ಮ ಕೈ ಚಾಚಿದ್ದಾಳೆ.

ನಿನ್ನ,
ಲಲ್ಲಿ

ತಾ.ಕ.: ಬಸ್ಸು ಕೆರೆಯ ತಿರುವಿನಲ್ಲಿ ಕುರಿಮಂದೆಗೆ ನಿಂತಿದೆ. ಒಂದು ಮಾತು ಉಳಿದಿದೆ, ಇದು ಇವರ್ಯಾರಿಗೂ ಗೊತ್ತಿಲ್ಲ. ಮೇಲೆ "ಎಲ್ಲರೂ ಸೇರಿ ತೆಗೆದುಕೊಂಡ ಮೆಂಬರ್‌ಶಿಪ್" ಎಂದು ಓದುವಾಗ ನೀನು ಒಂದು ಕ್ಷಣ ತಡೆದಿರುತ್ತೀ. ಆ ಮೆಂಬರ್‌ಶಿಪ್ಪನ್ನು ನೀನು ನನಗೆ ಪುಕ್ಕಟೆ ಕೊಟ್ಟಿದ್ದೆ, "ನಿನ್ನ ಕಡಿಂದ ರೊಕ್ಕ ಇಸಗೊಂತೀನೇನ ಲಲ್ಲೀ" ಎಂದು. ನಾನು ವರ್ಷದ ಚಂದಾ ಎಂದು ಇವರಿಂದ ತಲಾ ನಲವತ್ತು ರೂಪಾಯಿ ಎತ್ತಿ ಆ ಸ್ಪೀಕರ್ ಡಬ್ಬಿ ತಂದೆ. ನನ್ನ ಕಾಣಿಕೆ ಎಂದು ಹೇಳಿ ಬದುವಿನ ಮೇಲೆ ಇಟ್ಟೆ. ಆಯುಧ ಪೂಜೆಗೆ ಇವರು ಅದಕ್ಕೆ ಚೆಂಡುಹೂ ಏರಿಸಿ, ಲಲಿತವ್ವನ ಕೈ ದೊಡ್ಡದು ಅಂದರು. ನಾನು ಸುಮ್ಮನಿದ್ದೆ. ಹಾಗಾಗಿ ನಿನ್ನ ಲೆಕ್ಕದಲ್ಲಿ ಇಲ್ಲದಿದ್ದರೂ ಇವರೆಲ್ಲ ನಿನ್ನ ಕಥೆಗೆ ರೊಕ್ಕ ಕೊಟ್ಟವರು. ಕೊಡದವಳು ನಾನೊಬ್ಬಳೇ.

ಇದನ್ನೂ ಗಟ್ಟಿಯಾಗಿ ಓದು. ಓದಿ, ಒಂದಿಷ್ಟು ಬಿಡು. ಅವರು ಹೂಂ ಅಂದರೆ ಶೇಖರಮ್ಮನ ಕೈಲಿ ನನಗೊಂದು ಫೋನು ಮಾಡಿಸು. ಅನ್ನದಿದ್ದರೆ ಬೇಡ. ಅಲ್ಲಿಯವರೆಗೆ ನಾನು ಗದ್ದೆಯಲ್ಲಿ ಇರುತ್ತೇನೆ. ಡಬ್ಬಿಯನ್ನು ಪಂಪಮ್ಮನ ಚೀಲದಲ್ಲಿ ಹಾಕಿದ್ದೇನೆ.