ನೆಲಕ್ಕೆ ತಿಳಿಯದಂತೆ ಕೂತವಳು

ಗದಗ, ಎರಡು ಸಾವಿರದ ನೂರ ಅರವತ್ತೆಂಟನೆಯ ಇಸವಿ, ಫೆಬ್ರವರಿ ಮೂವತ್ತು.

ನನಗಿಂತ ಮೊದಲು ಬದುಕಿದವರಿಗೆ ಮಹಾನಂದಾ ಹೂಗಾರ ಮಾಡುವ ಶರಣು.

ಈ ತಾರೀಖು ಕಂಡು ನಿಮಗೆ ನಗು ಬರಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಸರಕು ಎಣಿಸಲೆಂದು ಅಂಗಡಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಿ, ಅವು ನೀವು ಹೋದ ಮೇಲೆ ಹುಟ್ಟಿದವು.

ಮುಂಡರಗಿ ರಸ್ತೆಯಲ್ಲಿ ನಮ್ಮ ಸಂತೆಮನೆ ಇದೆ. ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ. ಜೋಳದಿಂದ ಸಾಬೂನಿನವರೆಗೆ ಊರಿಗೆ ಬೇಕಾದದ್ದೆಲ್ಲ ಅಲ್ಲಿಯೇ ಸಿಗುತ್ತದೆ. ಮೂಟೆ ಹೊರುವುದು, ತೂಗುವುದು ಯಂತ್ರಗಳ ಪಾಲು. ಆದರೂ ಕಾಳುಕಡಿಯನ್ನು ಮನುಷ್ಯರ ಕೈಯಿಂದಲೇ ಪಡೆಯಬೇಕೆಂಬ ಆಸೆ ಜನರಿಗೆ ಹೋಗಿಲ್ಲ. ಹಾಗಾಗಿ ನಮ್ಮಂಥವರನ್ನು ಇಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿ ವರ್ಷ ತುಂಬದವರನ್ನು ಹಸಿಗರು ಎನ್ನುತ್ತಾರೆ. ಕೊಳೆತ ಟೊಮ್ಯಾಟೊ ಆರಿಸುವುದು, ಒಡೆದ ಎಣ್ಣೆ ಪೊಟ್ಟಣ ಒರೆಸುವುದು, ತಣ್ಣನೆ ಕೋಣೆಯಿಂದ ಹಾಲು ಮೊಸರು ಎತ್ತಿ ತರುವುದು ಅವರ ಪಾಲಿನದು. ಅಲ್ಲಿಯ ನೆಲಕ್ಕೆ ಅರಿನೆಲ ಎಂದು ಹೆಸರು. ಯಾರು ಎಲ್ಲಿ ನಿಂತಿದ್ದಾರೆ, ಯಾರು ಗೋಡೆಗೆ ಒರಗಿದ್ದಾರೆ ಎಂಬುದು ಅದಕ್ಕೆ ತಿಳಿಯುತ್ತದೆ. ಕೆಲಸದವರು ಯಾರೇ ಕೂತರೂ ಅವರನ್ನು ಆ ದಿನ ಗೈರುಹಾಜರು ಎಂದು ಬರೆದುಕೊಳ್ಳುತ್ತದೆ. ಮೂರು ಬಾರಿ ಹಾಗಾದರೆ ಮರುದಿನ ಬಾಗಿಲು ಅವರಿಗೆ ತೆರೆಯುವುದಿಲ್ಲ.

ಶಿವಲೀಲಾ ಬಡಿಗೇರ ನನ್ನ ಜೊತೆಯಲ್ಲೇ ಸೇರಿದ ಹುಡುಗಿ. ಬೆಟಗೇರಿಯವಳು, ತಾಯಿಗೆ ಒಬ್ಬಳೇ ಮಗಳು. ಸೇರಿದ ದಿನ ನಮ್ಮೆಲ್ಲರಿಂದ ಒಂದು ಗೂಡಿನಂಥ ಕೋಣೆಯಲ್ಲಿ ಗಂಟೆಗಟ್ಟಲೆ ಮಾತಾಡಿಸಿ ದನಿ ತೆಗೆದುಕೊಂಡರು. ಅದರಿಂದ ಮಾಡುವುದು ಕರೆಗೊರಳು, ಅಂದರೆ ಕಪಾಟುಗಳೊಳಗಿಂದ ಗಿರಾಕಿಯನ್ನು ಕರೆಯುವ ದನಿ. ನನ್ನದು ಒರಟೆಂದು ಬಿಟ್ಟರು. ಶಿವಲೀಲಾಳದನ್ನು ಬೇಳೆಯ ಕಪಾಟಿಗೆ ಇಟ್ಟರು. ತನ್ನ ದನಿ ತನ್ನನ್ನೇ ಅಕ್ಕಾರ ಎಂದು ಕರೆದಾಗ ಅವಳು ನಾಚಿಕೊಂಡು ನನ್ನ ಬೆನ್ನಹಿಂದೆ ಅಡಗಿದ್ದಳು.

ಚಳಿಗಾಲದಲ್ಲಿ, ಆಗಲೇ ಎರಡು ಬಾರಿ ಗೈರುಹಾಜರೆಂದು ಬರೆಸಿಕೊಂಡಿದ್ದ ಅವಳಿಗೆ ಜ್ವರ ಬಂತು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಮೇಸ್ತ್ರಿ ರಾಚಪ್ಪನವರ ಬಳಿ ಹೋಗಿ, ಸ್ವಲ್ಪ ಹೊತ್ತು ಕೂರಲೇ ಎಂದು ಕೇಳಿದಳು. ಅವರು ಕೆಟ್ಟವರಲ್ಲ, ಹಸಿಗರಾಗಿಯೇ ಬಂದು ಮೇಲೇರಿದವರು. ಅವಳ ಹಣೆ ಮುಟ್ಟಿ ನೋಡಿದರು, ಆಮೇಲೆ ತಲೆ ತಗ್ಗಿಸಿದರು.

"ನಾ ಕುಂದ್ರು ಅಂದ್ರೂ ನೆಲ ಕೇಳಂಗಿಲ್ಲವ್ವಾ."

ಅರಿನೆಲಕ್ಕೆ ತಿಳಿಯದ ಜಾಗವೊಂದಿತ್ತು. ತಣ್ಣನೆ ಕೋಣೆಯ ಮೂಲೆಯಲ್ಲಿ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿ, ಅಲ್ಲಿ ನೆಲ ಕುರುಡಾಗಿತ್ತು. ಕಾಲು ಸೋತವರು ಮೊಸರಿನ ಡಬ್ಬಿಗಳ ಹಿಂದೆ ಹೋಗಿ, ಹಲ್ಲು ಕಡಿಯುತ್ತ ಎರಡು ನಿಮಿಷ ಕೂತು ಬರುತ್ತಿದ್ದೆವು. ಶಿವಲೀಲಾ ಅಲ್ಲಿಗೇ ಹೋದಳು. ಜ್ವರದ ಮೈಗೆ ಆ ತಂಪು ಹಿತವೆನಿಸಿರಬೇಕು, ನಿದ್ದೆ ಹತ್ತಿರಬೇಕು. ಊಟದ ಹೊತ್ತಿಗೂ ಕಾಣಲಿಲ್ಲವೆಂದು ನಾವು ಹುಡುಕಿಕೊಂಡು ಹೋದಾಗ ಮೊಣಕಾಲಿಗೆ ಗಲ್ಲ ಊರಿ ಕೂತೇ ಇದ್ದಳು. ಮುಟ್ಟಿದಾಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಬೇಳೆಯ ಕಪಾಟು ಮಾತಾಡಿತು. "ಬರ್ರಿ ಅಕ್ಕಾರ, ತೊಗರಿಬ್ಯಾಳಿ ಹೊಸಾದು ಬಂದೈತಿ." ನಮ್ಮ ಕೈಯಲ್ಲಿದ್ದದ್ದೆಲ್ಲ ಅಲ್ಲಲ್ಲೇ ನಿಂತಿತು. ಅದನ್ನು ನಿಲ್ಲಿಸಿ ಎಂದು ಕೇಳಲು ಹೋದವರಿಗೆ ಮೇಲಿನವರಿಂದ ದೊರೆತ ಉತ್ತರವೆಂದರೆ, ಆ ದನಿ ಸಂತೆಮನೆಯದು, ಹುಡುಗಿಯದಲ್ಲ.

ಮಣ್ಣು ಮಾಡಿದ ವಾರದಲ್ಲಿ ತಾಯಿ ದ್ಯಾಮವ್ವ ಬಂದರು. ಚೀಲ ತಂದಿರಲಿಲ್ಲ. ಕಪಾಟಿನ ಮುಂದೆ ನಿಂತು ಆ ಕರೆಗೆ ಓಗೊಟ್ಟರು. ಉಂಡಿಯೇನವ್ವಾ ಎಂದು ಕೇಳಿದರು. ದನಿ ಅವರಿಗೆ ಹೆಸರುಬೇಳೆ ತೋರಿಸಿತು. ಅಂದಿನಿಂದ ಅವರು ದಿನವೂ ಬಂದರು. ಗಿರಾಕಿಗಳು ಅವರನ್ನು ಸುತ್ತಿ ಬಳಸಿ ಹೋಗುತ್ತಿದ್ದರು. ನಾವು ಮುಖ ತಿರುಗಿಸಿ ಕೆಲಸ ಮಾಡುತ್ತಿದ್ದೆವು. ನೋಡಲಾರದೆ ರಾಚಪ್ಪನವರೇ ಒಮ್ಮೆ, ಹೇಗಾದರೂ ಮಾಡಿ ದನಿಯನ್ನು ನಿಲ್ಲಿಸುತ್ತೇನೆ ಎಂದಾಗ ದ್ಯಾಮವ್ವ ಕೈಮುಗಿದು ಬೇಡವೆಂದರು. ತಮಗೆ ಉಳಿದಿರುವುದು ಅಷ್ಟೇ ಎಂದರು.

ಯುಗಾದಿಯ ಮುನ್ನಾದಿನ ಜನ ಕಿಕ್ಕಿರಿದಿದ್ದರು. ಕಪಾಟು ಬಿಡುವಿಲ್ಲದೆ ಕರೆಯುತ್ತಿತ್ತು, ಅಕ್ಕಾರ, ಅಣ್ಣಾರ, ಬರ್ರಿ, ಬರ್ರಿ. ದ್ಯಾಮವ್ವ ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸತ್ತ ಮ್ಯಾಲೂ ನನ್ನ ಮಗಳನ್ನ ನಿಂದ್ರಿಸ್ಯಾರಲ್ಲವ್ವಾ. ಇನ್ನ ಸಾಕು."

ಹಾಗೆಂದವರೇ ಆ ಜನಜಂಗುಳಿಯ ನಡುವೆ ನೆಲದ ಮೇಲೆ ಕೂತುಬಿಟ್ಟರು. ನನಗೆ ಏನಾಯಿತೋ ಹೇಳಲಾರೆ. ಅವರ ಪಕ್ಕ ಹೋಗಿ ಕೂತೆ. ಕಾಲುಗಳಿಗೆ ಎಂಥ ಸುಖವೆನಿಸಿತೆಂದರೆ ಅಳು ಬಂತು. ತರಕಾರಿಯವರು ಬಂದು ಕೂತರು, ಎಣ್ಣೆಯವರು ಕೂತರು. ಕಟ್ಟಕಡೆಗೆ ರಾಚಪ್ಪನವರು ಬಂದು, ಮಂಡಿನೋವಿನಿಂದ ಮೆಲ್ಲಗೆ, ದ್ಯಾಮವ್ವನ ಎದುರು ಕೂತರು. ಅರಿನೆಲ ನಮ್ಮೆಲ್ಲರನ್ನೂ ಗೈರುಹಾಜರೆಂದು ಬರೆದುಕೊಂಡಿತು. ಒಳಗೆ ಕೆಲಸದವರು ಯಾರೂ ಇಲ್ಲವೆಂದು ತಿಳಿದು ದೀಪಗಳನ್ನು ತಾನೇ ಆರಿಸಿತು. ಗಿರಾಕಿಗಳು ತಡವರಿಸುತ್ತ ಹೊರಗೆ ಹೋದರು. ಆ ಕತ್ತಲಲ್ಲಿ ನಾವು ಒಬ್ಬರ ಉಸಿರು ಒಬ್ಬರು ಕೇಳುತ್ತ ಕೂತಿದ್ದೆವು. ಕಪಾಟು ಮಾತ್ರ ಕರೆಯುತ್ತಲೇ ಇತ್ತು.

ಮೂರು ದಿನ ಬೆಳಿಗ್ಗೆ ಬಂದು ಹಾಗೇ ಕೂತೆವು. ನಾಲ್ಕನೆಯ ದಿನ ಬಾಗಿಲು ನಮ್ಮಲ್ಲಿ ಯಾರಿಗೂ ತೆರೆಯಲಿಲ್ಲ. ಹಬ್ಬ ಕಳೆದ ಮೇಲೆ ಬೇರೆ ಹಸಿಗರನ್ನು ತಂದರು. ಊರ ಜನ ಬಾಯಿಮಾಡಿದ್ದರಿಂದ ಅವರಿಗೆ ಮಧ್ಯಾಹ್ನ ಕೂರಲು ಒಂದು ಬೆಂಚು ಸಿಕ್ಕಿದೆಯಂತೆ. ದ್ಯಾಮವ್ವ ಆ ಮಳೆಗಾಲದಲ್ಲಿ ತೀರಿಕೊಂಡರು. ಶಿವಲೀಲಾಳ ದನಿ ಗದಗಿನಲ್ಲಿ ಈಗಿಲ್ಲ. ಆದರೆ ಹೋದ ತಿಂಗಳು ಇಳಕಲ್ಲಿನ ಅಂಗಡಿಯೊಂದರಲ್ಲಿ ನಾನು ಉಪ್ಪು ಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಅಕ್ಕಾರ ಎಂದರು. ನಾನು ತಿರುಗಲಿಲ್ಲ.

ನಿಮ್ಮ ಕಾಲದ ಅಂಗಡಿಗಳಲ್ಲೂ ಹುಡುಗಿಯರು ಬೆಳಗಿನಿಂದ ನಿಂತೇ ಇರುತ್ತಾರೆಂದು ಅಜ್ಜಿಯರಿಂದ ಕೇಳಿದ್ದೇನೆ. ನೀವು ಅವರಿಂದ ಬೇಳೆ, ಬೆಲ್ಲ ಕೊಂಡು ಹೋಗುತ್ತೀರಿ. ಇನ್ನೊಮ್ಮೆ ಹೋದಾಗ, ಇವರೇಕೆ ಕೂರುವುದಿಲ್ಲ ಎಂದು ಅಲ್ಲಿಯ ಮೇಸ್ತ್ರಿಯನ್ನು ಕೇಳಿ. ತನ್ನ ಕೈಯಲ್ಲಿಲ್ಲ ಎಂದು ಅವನು ಹೇಳುತ್ತಾನೆ, ಅದು ನಿಜವೂ ಇರಬಹುದು. ಅಷ್ಟಕ್ಕೇ ಹಿಂತಿರುಗಬೇಡಿ. ಯಾರ ಕೈಯಲ್ಲಿದೆ ಎಂದು ಕೇಳಿ. ನಿಮ್ಮ ಕಾಲದಲ್ಲಿ ಅದು ಇನ್ನೂ ಒಬ್ಬ ಮನುಷ್ಯನ ಕೈಯಲ್ಲಿದೆ.