ಚರಂಡಿಗೆ ಮುಖ ಮಾಡಿದ ವೀರ

ಆದ್ದರಿಂದ, ಸಂಸ್ಕೃತಿ ಇಲಾಖೆಯ ಮಾನ್ಯ ನಿರ್ದೇಶಕರೇ, ನಿನ್ನೆ ನಿಮ್ಮ ಜವಾನ ಬಾಗಿಲಲ್ಲೇ ತಡೆದ ಮಾತನ್ನು ಇಲ್ಲಿ ಮುಂದುವರಿಸುತ್ತೇನೆ: ನಿಮ್ಮ ಸಂಸ್ಕೃತಿ ಭವನದ ಮುಂದಿನ ಚರಂಡಿಗೆ ಹಾಸಿರುವುದು ಬರೀ ಚಪ್ಪಡಿಯಲ್ಲ, ಸುಂಕದಕಟ್ಟೆಯ ನಮ್ಮ ಬೀದಿಯ ವೀರಗಲ್ಲು. ಮುಖ ಕೆಳಗೆ. ಅದನ್ನು ತುಳಿದು ಒಳಗೆ ಹೋದರೆ ‘ನಾಡಿನ ಇತಿಹಾಸ, ಜನ, ಸಂಸ್ಕೃತಿ’ ಎಂಬ ಪ್ರದರ್ಶನ; ಅಲ್ಲಿ ಪ್ಲಾಸ್ಟಿಕ್ಕಿನ ವೀರಗಲ್ಲೊಂದಕ್ಕೆ ದೀಪಾಲಂಕಾರ. ನಿಮ್ಮ ರಸಿಕತೆಗೆ ನಮಸ್ಕಾರ. ಊರಿನ ದನ ಉಳಿಸಲು ಪ್ರಾಣ ಕೊಟ್ಟವನು ಈಗ ನಿಮ್ಮ ಅತಿಥಿಗಳ ಬೂಟು ಒದ್ದೆಯಾಗದಂತೆ ಕಾಯುತ್ತಿದ್ದಾನೆ. ಬಡ್ತಿಯೆಂದರೆ ಇದೇ ಅಲ್ಲವೇ?

ಎರಡು ವರ್ಷದ ಹಿಂದೆ ಹಳೆಯ ಕಲ್ಲುಗಳ ಪಟ್ಟಿ ಮಾಡಲು ನಿಮ್ಮ ಸಮೀಕ್ಷಕರು ಬಂದಿದ್ದರು. ನನ್ನ ಹೆಂಡತಿ ಚಿಕ್ಕಗಂಗಮ್ಮ ಪ್ರತಿ ಶುಕ್ರವಾರ ಆ ಕಲ್ಲಿಗೆ ಎಣ್ಣೆ ಅರಿಶಿನ ಹಚ್ಚುತ್ತಿದ್ದವಳು. ಸರ್ಕಾರದವರೇ ವೀರಣ್ಣನನ್ನು ನೋಡಲು ಬರುತ್ತಾರೆಂದು ಹಿಗ್ಗಿ, ಅಂದು ಬೊಗಸೆ ಅರಿಶಿನ ಗಟ್ಟಿಯಾಗಿ ಕಲಸಿ ಮೆತ್ತಿದಳು. ದನ, ಕತ್ತಿ, ಮೇಲಿನ ಲಿಂಗ, ಎಲ್ಲವೂ ಮುಚ್ಚಿಹೋದವು.

“ಅಮ್ಮಾ, ಇದ್ರಲ್ಲಿ ಕೆತ್ತನೆ ಏನಾದ್ರೂ ಇದ್ಯಾ?”

“ಅಯ್ಯೋ, ವೀರಣ್ಣನೇ ಅವ್ನೆ ಸಾರ್, ಕೆತ್ತನೆ ಯಾಕೆ? ಮೊದ್ಲು ಕೈ ಮುಗೀರಿ!”

ಅವರು ಕೈ ಮುಗಿಯಲಿಲ್ಲ, ಒಂದು ಬಟ್ಟೆಯಲ್ಲಿ ಒರೆಸಿಯೂ ನೋಡಲಿಲ್ಲ. ‘ಕೆತ್ತನೆಯಿಲ್ಲದ ಕಲ್ಲು’ ಎಂದು ಬರೆದುಕೊಂಡು ಹೋದರು. ಸೀಯಿಂಗ್ ಈಸ್ ಬಿಲೀವಿಂಗ್ ಎಂದೋ, ಬಿಲೀವಿಂಗ್ ಈಸ್ ಸೀಯಿಂಗ್ ಎಂದೋ ಕಾಲೇಜಿನಲ್ಲಿ ಓದಿದ್ದೆ, ಯಾವುದು ಮೊದಲೋ ಮರೆತೆ. ಕಾಣುವುದು, ನಂಬುವುದು, ನಿಮ್ಮವರಿಗೆ ಎರಡೂ ಬಾರದು. ಇತಿಹಾಸದಲ್ಲಿ ಬಿ.ಎ. ಮಾಡಿದ ನಾನೋ, ಪರರ ಮುಂದೆ ಹೆಂಡತಿಯ ಪೂಜೆ ಅಳಿಸುವುದೇಕೆಂದು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಿಮ್ಮ ಇಲಾಖೆಗೆ ಸೇರುವ ಎಲ್ಲ ಅರ್ಹತೆಯೂ ನನಗಿತ್ತು.

ಅವಳು ತೀರಿಹೋದಳು. ಆಮೇಲೆ ರಸ್ತೆ ಅಗಲವಾಯಿತು, ಪಟ್ಟಿಯಲ್ಲಿಲ್ಲದ ಕಲ್ಲು ಲಾರಿ ಹತ್ತಿತು. ಕಳೆದ ವಾರ ನಿಮ್ಮ ಭವನದ ಮುಂದೆ ಮುಕ್ಕಾದ ಅದರ ಮೂಲೆಯ ಗುರುತು ಹಿಡಿದು, ಕುಕ್ಕರುಗಾಲಲ್ಲಿ ಕೂತು ಸಂದಿಗೆ ಕೈ ತೂರಿಸಿದೆ. ಬೆರಳಿಗೆ ಜಿಡ್ಡು ಬಂತು, ಹಳದಿ.

“ಯಜಮಾನ್ರೇ, ಉಂಗುರ ಗಿಂಗುರ ಬಿತ್ತಾ?” ಎಂದು ಕಾವಲಿನವನು ನಕ್ಕ.

“ನಮ್ಮನೆಯವಳು ಬಳ್ದಿದ್ದು ಕಣಪ್ಪಾ. ಇನ್ನೂ ಹೋಗಿಲ್ಲ.”

ನನ್ನ ಬೇಡಿಕೆ ಒಂದೇ. ಮುಂದಿನ ಶುಕ್ರವಾರದೊಳಗೆ ಆ ಕಲ್ಲನ್ನೆತ್ತಿ ನಮ್ಮ ಬೀದಿಗೆ ತಂದು ನಿಲ್ಲಿಸಿ. ಹುಣಸೆಹಣ್ಣು ನಾನು ತರುತ್ತೇನೆ, ಉಜ್ಜುವವರು ನೀವು, ಜವಾನನಲ್ಲ, ನೀವು. ಕೆತ್ತನೆ ಕಂಡ ಮೇಲೆ ಪಟ್ಟಿಗೆ ಸೇರಿಸಿ. ಅರಿಶಿನ ನಾನೇ ಹಚ್ಚಿಕೊಳ್ಳುತ್ತೇನೆ. ನಿಮ್ಮ ಸಮೀಕ್ಷಕರ ವಿಷಯ ಇನ್ನೂ...

ಇರಲಿ, ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ಇವತ್ತೂ ಶುಕ್ರವಾರ. ಚರಂಡಿಯ ಅಂಚಿಗೆ ದೀಪವಿಟ್ಟು, ಈ ಪತ್ರವನ್ನು ಕಾವಲಿನವನ ಕೈಗೆ ಕೊಟ್ಟು ಬರಬೇಕು. ಸಂಜೆಯ ಅತಿಥಿಗಳಿಗೆ ಹೇಳಿಬಿಡಿ, ತುಳಿಯುವಾಗ ಸೀರೆಯಂಚು ಜೋಪಾನ.

ಇಂತಿ,
ಒರೆಸು ಎನ್ನದೆ ನಿಂತಿದ್ದ ಗಂಡ,
ವೆಂಕಟರಮಣಪ್ಪ, ಸುಂಕದಕಟ್ಟೆ