ಗಾಜಿನಾಚೆಯ ಬೆರಳು

ಮಾರ್ಚ್ ೧೪, ಗುರುವಾರ

ಮಾವ ಇಂದು ಒಬ್ಬ ಮುದುಕಿಗೆ ಅನ್ಯಾಯ ಮಾಡಿದರು. ತಮ್ಮೂರಿನ ಚರ್ಚಿನಲ್ಲಿ ಪೂಜ್ಯವೆಂದು ಇಟ್ಟಿದ್ದ ಸಂತ ಮಹಿಳೆಯ ಬೆರಳೆಲುಬು ಈಗ ಮಾವನ ಸಂಗ್ರಹದಲ್ಲಿದೆ ಎಂದು ತಿಳಿದು ಆಕೆ ಬಂದಿದ್ದರು. ಅದನ್ನಿಟ್ಟ ಗಾಜಿನ ಮುಚ್ಚಳದ ಬೆಳ್ಳಿ ಪೆಟ್ಟಿಗೆಗೆ ಒಮ್ಮೆ ಮುತ್ತಿಡಬೇಕಂತೆ.

“ಗಾಜು ಮಾಸುತ್ತೆ ಅಜ್ಜಿ, ದೂರದಿಂದಲೇ ನೋಡಿ,” ಎಂದುಬಿಟ್ಟರು ಮಾವ.

ಒಮ್ಮೆ ಆಕೆಯ ಕೈಗೆ ಕೊಡಿ ಎಂದು ನಾನು ಬಾಯಿ ಹಾಕಿದೆ.

“ಇದೆಲ್ಲ ಬರೀ ಮೂಳೆ ಅಂತ ವಿಚಾರವಾದಿಗಳ ಕರಪತ್ರ ಓದಿ ನನ್ನ ತಲೆ ತಿಂದವನು ನೀನೇ ಅಲ್ವೇನೋ?” ಎಂದರು ಮಾವ.

ನನಗೆ ಈಗಲೂ ಅದು ಮೂಳೆಯೇ. ಆದರೆ ಆಕೆ ಆಗಲೇ ಕರವಸ್ತ್ರದಿಂದ ತುಟಿ ಒರೆಸಿಕೊಂಡು ನಿಂತಿದ್ದರು. ಆ ನೋಟ ಕಣ್ಣಿಂದ ಹೋಗುತ್ತಿಲ್ಲ.

ಪೆಟ್ಟಿಗೆಯಿರುವ ಕಪಾಟಿನ ಇನ್ನೊಂದು ಬೀಗದಕೈ ನನ್ನ ಬಳಿ ಇದೆ. ಹೊರಟಿದ್ದ ಆಕೆಯ ಹಿಂದೆ ಗೇಟಿನವರೆಗೆ ಓಡಿ, ಪೆಟ್ಟಿಗೆ ತೆಗೆದುಕೊಡುತ್ತೇನೆ ಬನ್ನಿ ಎಂದು ಹೇಳಿಬಂದೆ. ಗೊತ್ತಾದರೆ ಮಾವ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇರಲಿ. ಮಾವ ಊರಲ್ಲಿರದ ದಿನ, ಭಾನುವಾರ, ಬೆಳಿಗ್ಗೆ ಏಳಕ್ಕೆ, ಹಿಂಬಾಗಿಲಲ್ಲಿ.